ವಿದೇಶ ವ್ಯಾಸಂಗಕ್ಕೆ ತೆರಳುವ ಹುಬ್ಬಳ್ಳಿ-ಧಾರವಾಡದ ವಿದ್ಯಾರ್ಥಿಗಳಿಗೆ ಮಾಹಿತಿ: ಪಾಸ್‌ಪೋರ್ಟ್, ದಾಖಲೆಗಳು ಮತ್ತು ವಲಸೆ ನಿಯಮಗಳ ಪಾಲನೆ

ಪೀಠಿಕೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳಿಗೆ ವಿದೇಶ ವ್ಯಾಸಂಗವು ಹೊಸ ಸಂಗತಿಯಲ್ಲ. ಡಾ. ವಿ.ಕೃ. ಗೋಕಾಕರು 1936ರಿಂದ 1938ರವರೆಗೆ ಆಕ್ಸ್‌ಫರ್ಡ್‌ನಲ್ಲಿ ವ್ಯಾಸಂಗ ಮಾಡಿದರು. ಕೇಂಬ್ರಿಡ್ಜ್‌ನಲ್ಲಿ ಗಣಿತಶಾಸ್ತ್ರ ಅಭ್ಯಸಿಸಿದ ಡಾ. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಅಂದು ಬೆರಳೆಣಿಕೆಯ ಮಂದಿಗೆ ಸಾಧ್ಯವಾಗಿದ್ದ ಈ ಅವಕಾಶವು ಇಂದು ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ, ಐಐಟಿ ಧಾರವಾಡ ಮೊದಲಾದ ಸಂಸ್ಥೆಗಳಲ್ಲಿ ಓದಿದ ಸಾಮಾನ್ಯ ಕುಟುಂಬದ ವಿದ್ಯಾರ್ಥಿಗಳಿಗೂ ದೊರೆಯುತ್ತಿದೆ.

ಆದರೆ ಪ್ರವೇಶ ಪತ್ರ ಕೈಸೇರಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಆಯಾ ದೇಶದ ವಲಸೆ ಕಾನೂನು ಕೇಳುವ ದಾಖಲೆಗಳನ್ನು ಒದಗಿಸಿ ವೀಸಾ ಪಡೆಯಬೇಕು. ಅಲ್ಲಿಗೆ ತಲುಪಿದ ಮೇಲೆ ಆ ವೀಸಾದ ಷರತ್ತುಗಳನ್ನು ಪಾಲಿಸುತ್ತಿರಬೇಕು. ಅರ್ಜಿಯನ್ನು ಪರಿಶೀಲಿಸುವ ಅಧಿಕಾರಿಗೆ ಅರ್ಜಿದಾರರ ಮನೆತನವಾಗಲಿ, ಊರಿನಲ್ಲಿ ಅವರಿಗಿರುವ ಹೆಸರಾಗಲಿ ತಿಳಿದಿರುವುದಿಲ್ಲ. ಅವರ ಮುಂದಿರುವುದು ಕಾಗದಪತ್ರಗಳು ಮಾತ್ರ. ಆದ್ದರಿಂದ ಎಲ್ಲ ದಾಖಲೆಗಳೂ ಸತ್ಯವಾಗಿರಬೇಕು ಹಾಗೂ ಒಂದು ದಾಖಲೆಯು ಇನ್ನೊಂದು ದಾಖಲೆಯೊಡನೆ ತಾಳೆಯಾಗಬೇಕು. ಈ ಪುಟದಲ್ಲಿ ನೀಡಲಾದ ಎಲ್ಲ ವಿವರಗಳ ತಿರುಳು ಇದೇ ಆಗಿರುತ್ತದೆ.

1. ಪ್ರವೇಶ, ವೀಸಾ ಮತ್ತು ವಾಸ್ತವ್ಯದ ಅನುಮತಿ

ಈ ಮೂರೂ ಒಂದೇ ಎಂಬ ತಪ್ಪು ತಿಳಿವಳಿಕೆ ಸಾಮಾನ್ಯವಾಗಿದೆ. ಇವುಗಳ ವ್ಯತ್ಯಾಸವನ್ನು ಮೊದಲು ಅರಿತುಕೊಳ್ಳುವುದು ಸೂಕ್ತ.

(ಅ) ಪ್ರವೇಶ: ಇದನ್ನು ವಿಶ್ವವಿದ್ಯಾಲಯವು ನೀಡುತ್ತದೆ. ಪ್ರವೇಶ ದೊರೆತ ವಿದ್ಯಾರ್ಥಿಗೆ ವೀಸಾ ಅರ್ಜಿಗೆ ಬೇಕಾದ ಅಧಿಕೃತ ಪತ್ರವನ್ನು ಕಳುಹಿಸಲಾಗುತ್ತದೆ. ಅಮೆರಿಕದಲ್ಲಿ ಇದಕ್ಕೆ ಐ-20 ಎಂದೂ, ಬ್ರಿಟನ್ನಿನಲ್ಲಿ ಸಿಎಎಸ್ ಎಂದೂ, ಆಸ್ಟ್ರೇಲಿಯಾದಲ್ಲಿ ಸಿಒಇ ಎಂದೂ ಹೆಸರು.

(ಆ) ವೀಸಾ: ಇದನ್ನು ಆ ದೇಶದ ಸರ್ಕಾರವು ನೀಡುತ್ತದೆ. ವಿಶ್ವವಿದ್ಯಾಲಯವು ಪ್ರವೇಶ ನೀಡಿದ್ದರೂ ವೀಸಾ ನಿರಾಕರಿಸುವ ಅಧಿಕಾರ ಸರ್ಕಾರಕ್ಕಿರುತ್ತದೆ.

(ಇ) ವಾಸ್ತವ್ಯದ ಅನುಮತಿ: ವೀಸಾ ಇದ್ದವರನ್ನೂ ವಿಮಾನ ನಿಲ್ದಾಣದಲ್ಲಿ ವಲಸೆ ಅಧಿಕಾರಿಯು ಪ್ರಶ್ನಿಸಬಹುದು. ಅವರ ಅನುಮತಿಯ ನಂತರವೇ ವಿದ್ಯಾರ್ಥಿಯ ಕಾನೂನುಬದ್ಧ ವಾಸ್ತವ್ಯ ಆರಂಭವಾಗುತ್ತದೆ. ಕೆನಡಾದ ವ್ಯಾಸಂಗ ಪರವಾನಗಿಯನ್ನು ಸಾಮಾನ್ಯವಾಗಿ ಅಲ್ಲಿಗೆ ತಲುಪಿದಾಗ ನೀಡಲಾಗುತ್ತದೆ. ಜರ್ಮನಿಯಲ್ಲಿ ವಾಸದ ವಿಳಾಸವನ್ನು ನೋಂದಾಯಿಸಿ, ಬಳಿಕ ವಿದೇಶಿಯರ ಕಚೇರಿಯಲ್ಲಿ ವಾಸ್ತವ್ಯದ ಪರವಾನಗಿ ಪಡೆಯಬೇಕು.

ಇಂತಹ ನಿಯಮಗಳು ನಮ್ಮ ದೇಶದಲ್ಲಿಯೂ ಇವೆ. ಧಾರವಾಡದ ವಿಶ್ವವಿದ್ಯಾಲಯಗಳಿಗೆ ಓದಲು ಬರುವ ವಿದೇಶಿ ವಿದ್ಯಾರ್ಥಿಯ ವೀಸಾ ಅವಧಿ 180 ದಿನ ಮೀರಿದ್ದರೆ, ಭಾರತಕ್ಕೆ ಬಂದ 14 ದಿನಗಳೊಳಗೆ ವಿದೇಶಿಯರ ನೋಂದಣಿ ಅಧಿಕಾರಿಯಲ್ಲಿ ಹೆಸರು ನೋಂದಾಯಿಸತಕ್ಕದ್ದು. ನಾವು ಹೊರಗಿನವರಿಂದ ಅಪೇಕ್ಷಿಸುವ ಶಿಸ್ತನ್ನೇ ಇತರ ದೇಶಗಳು ನಮ್ಮಿಂದ ಅಪೇಕ್ಷಿಸುತ್ತವೆ.

2. ಪಾಸ್‌ಪೋರ್ಟ್

ಅವಳಿ ನಗರಗಳ ನಿವಾಸಿಗಳು ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಿ, ಶುಲ್ಕ ಪಾವತಿಸಿ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹಾಜರಾಗಲು ದಿನಾಂಕ ಕಾಯ್ದಿರಿಸಬಹುದು. ಈ ಕೇಂದ್ರವು ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಒಳಪಟ್ಟಿದೆ. ವಯಸ್ಕರಿಗೆ 36 ಪುಟಗಳ ಪುಸ್ತಿಕೆಗೆ ರೂ. 1,500 ಹಾಗೂ 60 ಪುಟಗಳ ಪುಸ್ತಿಕೆಗೆ ರೂ. 2,000 ಶುಲ್ಕವಿದೆ. ತತ್ಕಾಲ್ ಸೇವೆಗೆ ರೂ. 2,000 ಹೆಚ್ಚುವರಿಯಾಗಿ ಪಾವತಿಸಬೇಕು. ವಯಸ್ಕರ ಪಾಸ್‌ಪೋರ್ಟ್ ಹತ್ತು ವರ್ಷ ಊರ್ಜಿತವಾಗಿರುತ್ತದೆ.

ಪೊಲೀಸ್ ಪರಿಶೀಲನೆಯು ಅರ್ಜಿಯಲ್ಲಿ ನಮೂದಿಸಿದ ಪ್ರಸ್ತುತ ವಿಳಾಸದಲ್ಲಿ ನಡೆಯುತ್ತದೆ. ಬೇರೆ ಊರಿನ ಹಾಸ್ಟೆಲ್‌ನಲ್ಲಿ ಓದುತ್ತಿರುವವರು ತಾವು ವಾಸ್ತವವಾಗಿ ಇರುವ ವಿಳಾಸವನ್ನೇ ನೀಡತಕ್ಕದ್ದು. ಸುಳ್ಳು ಮಾಹಿತಿ ನೀಡಿ ಪಾಸ್‌ಪೋರ್ಟ್ ಪಡೆಯುವುದು ಪಾಸ್‌ಪೋರ್ಟ್ ಕಾಯ್ದೆ, 1967ರ 12ನೇ ಕಲಮಿನ ಮೇರೆಗೆ ಶಿಕ್ಷಾರ್ಹ ಅಪರಾಧವಾಗಿದ್ದು, ಎರಡು ವರ್ಷಗಳವರೆಗೆ ಕಾರಾವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಕೆಲವು ದೇಶಗಳು ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನೂ ಕೇಳುತ್ತವೆ. ಇದಕ್ಕೂ ಪಾಸ್‌ಪೋರ್ಟ್ ಸೇವೆಯ ಮೂಲಕವೇ ಅರ್ಜಿ ಸಲ್ಲಿಸಬಹುದು. ವ್ಯಾಸಂಗ ಆರಂಭವಾಗುವುದಕ್ಕೆ ಕನಿಷ್ಠ ಒಂದು ವರ್ಷ ಮೊದಲೇ ಪಾಸ್‌ಪೋರ್ಟ್ ಪಡೆದಿರುವುದು ಒಳಿತು. ಏಕೆಂದರೆ ಇಂಗ್ಲಿಷ್ ಭಾಷಾ ಪರೀಕ್ಷೆಯಿಂದ ಬ್ಯಾಂಕ್ ಸಾಲದವರೆಗೆ ಮುಂದಿನ ಪ್ರತಿ ಹಂತದಲ್ಲಿಯೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರೇ ಆಧಾರವಾಗುತ್ತದೆ.

3. ಹೆಸರು, ಜನ್ಮ ದಿನಾಂಕ ಮತ್ತು ಊರಿನ ಹೆಸರು

ನಮ್ಮ ಭಾಗದ ಅರ್ಜಿದಾರರಿಗೆ ಅತಿ ಹೆಚ್ಚು ತೊಡಕು ಉಂಟಾಗುವುದು ಈ ವಿಷಯದಲ್ಲಿ. ಉತ್ತರ ಕರ್ನಾಟಕದಲ್ಲಿ ಸ್ವಂತ ಹೆಸರು, ತಂದೆಯ ಹೆಸರು ಮತ್ತು ಅಡ್ಡಹೆಸರು ಸೇರಿಸಿ ಬರೆಯುವ ರೂಢಿಯಿದೆ. ಆದರೆ ಶಾಲಾ ದಾಖಲೆಯಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರ ಮಾತ್ರ ಇರುವುದು, ಆಧಾರ್‌ನಲ್ಲಿ ಅಡ್ಡಹೆಸರು ಬಿಟ್ಟುಹೋಗಿರುವುದು, ಪದವಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು ಬಂದಿರುವುದು ಸಾಮಾನ್ಯ. ಕನ್ನಡದಲ್ಲಿ ಒಂದೇ ಆಗಿರುವ ಹೆಸರು ಇಂಗ್ಲಿಷ್‌ನಲ್ಲಿ ಎರಡು ಬಗೆಯಾಗುವುದೂ ಉಂಟು. ವೀರೇಶ ಎಂಬ ಹೆಸರನ್ನು ಒಂದು ಕಡೆ ಎರಡು 'ಇ' ಅಕ್ಷರಗಳಿಂದಲೂ ಮತ್ತೊಂದು ಕಡೆ ಒಂದು 'ಐ' ಅಕ್ಷರದಿಂದಲೂ ಬರೆದಿದ್ದರೆ, ವಿದೇಶಿ ಅಧಿಕಾರಿಯ ಗಣಕಯಂತ್ರಕ್ಕೆ ಅವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳು.

ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

• ಪಾಸ್‌ಪೋರ್ಟ್‌ನಲ್ಲಿ ಹೆಸರಿನ ಮೊದಲಕ್ಷರಗಳನ್ನು ಬಳಸದೆ ಪೂರ್ಣವಾಗಿ ವಿಸ್ತರಿಸಿ ಬರೆಯಬೇಕು.

• ಸ್ವಂತ ಹೆಸರು ಮತ್ತು ಅಡ್ಡಹೆಸರಿನ ಅಂಕಣಗಳೆರಡನ್ನೂ ತುಂಬುವುದು ಸೂಕ್ತ. ಒಂದೇ ಹೆಸರಿದ್ದು ಸ್ವಂತ ಹೆಸರಿನ ಅಂಕಣ ಖಾಲಿ ಉಳಿದಲ್ಲಿ, ಅಮೆರಿಕದ ವೀಸಾದಲ್ಲಿ ಆ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರು ಅಕ್ಷರಗಳು ಮುದ್ರಿತವಾಗುತ್ತವೆ. ಸ್ವಂತ ಹೆಸರು ತಿಳಿಯದು ಎಂಬುದು ಇದರ ಅರ್ಥ. ಮುಂದೆ ಬ್ಯಾಂಕ್ ಖಾತೆ, ಚಾಲನಾ ಪರವಾನಗಿ ಪಡೆಯುವಾಗಲೂ ಇದೇ ಹೆಸರು ಹಿಂಬಾಲಿಸುತ್ತದೆ.

• 2023ರ ಅಕ್ಟೋಬರ್ 1ರಂದು ಅಥವಾ ನಂತರ ಜನಿಸಿದವರಿಗೆ ಜನನ ಪ್ರಮಾಣಪತ್ರವೊಂದೇ ಜನ್ಮ ದಿನಾಂಕದ ಪುರಾವೆಯಾಗಿರುತ್ತದೆ. ಇಂದಿನ ವಿದ್ಯಾರ್ಥಿಗಳು ಅದಕ್ಕಿಂತ ಮೊದಲು ಜನಿಸಿದವರಾದ್ದರಿಂದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮೊದಲಾದ ದಾಖಲೆಗಳನ್ನೂ ನೀಡಬಹುದು. ಆದರೆ ಶಾಲೆಗೆ ಸೇರಿಸುವಾಗ ಅಂದಾಜಿನಿಂದ ಬರೆಸಿದ ದಿನಾಂಕವು ಜನನ ಪ್ರಮಾಣಪತ್ರದಲ್ಲಿರುವ ದಿನಾಂಕಕ್ಕಿಂತ ಬೇರೆಯಾಗಿದ್ದರೆ, ಮುಂದುವರಿಯುವ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.

• 2014ರ ನವೆಂಬರ್ 1ರಿಂದ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಸೇರಿದಂತೆ ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾಗಿವೆ. ಹಳೆಯ ಜನನ ಪ್ರಮಾಣಪತ್ರದಲ್ಲಿ ನಗರದ ಹಳೆಯ ಹೆಸರು ಇರುವುದು ಅರ್ಜಿದಾರರ ತಪ್ಪಲ್ಲ. ಆದರೆ ವೀಸಾ ಅರ್ಜಿಯಲ್ಲಿ ಜನ್ಮಸ್ಥಳವನ್ನು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಬೇಕು.

ಜನನ ಪ್ರಮಾಣಪತ್ರವನ್ನು ಅವಳಿ ನಗರದಲ್ಲಿ ಜನಿಸಿದವರು ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಿಂದ ಪಡೆಯಬಹುದಾಗಿದೆ. ಗ್ರಾಮಗಳಲ್ಲಿ ಜನಿಸಿದವರು ಅಲ್ಲಿನ ಜನನ-ಮರಣ ನೋಂದಣಾಧಿಕಾರಿಯನ್ನು ಸಂಪರ್ಕಿಸಬೇಕು.

4. ಶೈಕ್ಷಣಿಕ ದಾಖಲೆಗಳು ಮತ್ತು ದೃಢೀಕರಣ

ಎಲ್ಲ ಸೆಮಿಸ್ಟರ್‌ಗಳ ಅಂಕಗಳನ್ನು ಒಳಗೊಂಡ ಟ್ರಾನ್ಸ್‌ಕ್ರಿಪ್ಟ್ ಅನ್ನು ಪದವಿ ನೀಡಿದ ವಿಶ್ವವಿದ್ಯಾಲಯದಿಂದಲೇ ಪಡೆಯಬೇಕು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ್ದರೂ ಪದವಿಯು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದಾಗಿದ್ದರೆ ಬೆಳಗಾವಿಯ ಆ ವಿಶ್ವವಿದ್ಯಾಲಯಕ್ಕೆ ಅರ್ಜಿ ಸಲ್ಲಿಸಬೇಕಾಗುತ್ತದೆ.

ಭಾರತವು 2005ರ ಜುಲೈನಿಂದ ಅಪೊಸ್ಟಿಲ್ ಒಪ್ಪಂದಕ್ಕೆ ಒಳಪಟ್ಟಿದೆ. ಈ ವ್ಯವಸ್ಥೆಯಲ್ಲಿ ಮೊದಲು ರಾಜ್ಯ ಸರ್ಕಾರದ ನಿಯೋಜಿತ ಪ್ರಾಧಿಕಾರವು ಪ್ರಮಾಣಪತ್ರವನ್ನು ದೃಢೀಕರಿಸುತ್ತದೆ. ಬಳಿಕ ವಿದೇಶಾಂಗ ಸಚಿವಾಲಯವು ಅಪೊಸ್ಟಿಲ್ ಮುದ್ರೆ ನೀಡುತ್ತದೆ. ಎಲ್ಲ ದೇಶಗಳೂ ಇದನ್ನು ಕೇಳುವುದಿಲ್ಲ. ಆದ್ದರಿಂದ ಪ್ರವೇಶ ನೀಡಿದ ವಿಶ್ವವಿದ್ಯಾಲಯ ಅಥವಾ ರಾಯಭಾರ ಕಚೇರಿಯು ಲಿಖಿತವಾಗಿ ಕೇಳಿದಲ್ಲಿ ಮಾತ್ರ ಈ ವೆಚ್ಚ ಮಾಡುವುದು ಲೇಸು. ಉದಾಹರಣೆಗೆ ಜರ್ಮನಿಯು ಭಾರತದ ಅಪೊಸ್ಟಿಲ್ ಅನ್ನು ಒಪ್ಪುವುದಿಲ್ಲ. ಅದರ ಬದಲು 2022ರ ನವೆಂಬರ್ 1ರಿಂದ ಬಹುತೇಕ ಭಾರತೀಯ ವಿದ್ಯಾರ್ಥಿಗಳು ತಮ್ಮ ಶೈಕ್ಷಣಿಕ ದಾಖಲೆಗಳನ್ನು ದೆಹಲಿಯ ಎಪಿಎಸ್ ಸಂಸ್ಥೆಯಿಂದ ಪರಿಶೀಲನೆ ಮಾಡಿಸಿ, ಅದರ ಪ್ರಮಾಣಪತ್ರವನ್ನು ವೀಸಾ ಅರ್ಜಿಯೊಂದಿಗೆ ಲಗತ್ತಿಸುವುದು ಕಡ್ಡಾಯವಾಗಿದೆ.

5. ಹಣಕಾಸಿನ ಪುರಾವೆ

ವಿದ್ಯಾರ್ಥಿಯು ಬೋಧನಾ ಶುಲ್ಕವನ್ನೂ ಜೀವನ ವೆಚ್ಚವನ್ನೂ ಭರಿಸಬಲ್ಲನೆಂಬುದನ್ನು ಎಲ್ಲ ದೇಶಗಳೂ ಖಚಿತಪಡಿಸಿಕೊಳ್ಳುತ್ತವೆ. ಇಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು: ಹಣ ಎಷ್ಟಿದೆ, ಎಲ್ಲಿಂದ ಬಂದಿದೆ, ಬೇಕಾದಾಗ ಕೈಗೆ ಸಿಗುತ್ತದೆಯೇ?

ಕೃಷಿಕ ಕುಟುಂಬಗಳಿಗೆ ವಿಶೇಷ ಸೂಚನೆ: ಪಹಣಿ ಪತ್ರಿಕೆಯು, ಅಂದರೆ ನಮ್ಮ ಭಾಗದಲ್ಲಿ ಉತಾರ ಎಂದು ಕರೆಯುವ ದಾಖಲೆಯು, ಜಮೀನಿನ ಹಕ್ಕು ಮತ್ತು ಬೆಳೆಯನ್ನು ತೋರಿಸುತ್ತದೆ. ಅದು ನಗದು ಹಣಕ್ಕೆ ಪುರಾವೆಯಾಗುವುದಿಲ್ಲ. ಹತ್ತು ಎಕರೆ ಎರೆಹೊಲವಿದ್ದರೂ ವೀಸಾ ಅಧಿಕಾರಿಯು ಬ್ಯಾಂಕ್ ಖಾತೆ, ಠೇವಣಿ ಅಥವಾ ಮಂಜೂರಾದ ಸಾಲವನ್ನೇ ನೋಡುತ್ತಾರೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿರುವುದರಿಂದ ತೆರಿಗೆ ವಿವರಣೆಯ ದಾಖಲೆಗಳಲ್ಲಿ ಆದಾಯ ಕಡಿಮೆ ಕಾಣಬಹುದು. ಹೀಗಿರುವಲ್ಲಿ ಅಮರಗೋಳದ ಎಪಿಎಂಸಿಯಂತಹ ಮಾರುಕಟ್ಟೆಗಳಲ್ಲಿ ಹತ್ತಿ, ಶೇಂಗಾ, ಕಡಲೆ ಮಾರಿದ ಲೆಕ್ಕಪಟ್ಟಿಗಳನ್ನು ವರ್ಷವಾರು ಜೋಡಿಸಿಟ್ಟುಕೊಂಡು, ಮಾರಾಟದ ಹಣವನ್ನು ಬ್ಯಾಂಕ್ ಖಾತೆಯ ಮೂಲಕವೇ ಪಡೆಯುವುದು ಉತ್ತಮ. ಎರಡು-ಮೂರು ವರ್ಷ ಹೀಗೆ ನಡೆಸಿದ ಖಾತೆಯು ಹಣದ ಮೂಲವನ್ನು ತಾನೇ ಹೇಳುತ್ತದೆ.

ಶಿಕ್ಷಣ ಸಾಲ: ಕೃಷಿ ಜಮೀನಿಗೆ ಸರ್ಫೇಸಿ ಕಾಯ್ದೆ, 2002 ಅನ್ವಯಿಸದಿರುವುದರಿಂದ ಬ್ಯಾಂಕುಗಳು ಸಾಮಾನ್ಯವಾಗಿ ಹೊಲವನ್ನು ಆಧಾರವಾಗಿ ಸ್ವೀಕರಿಸಲು ಹಿಂಜರಿಯುತ್ತವೆ. ಮನೆ, ಖಾಲಿ ನಿವೇಶನ, ಠೇವಣಿ ಮುಂತಾದವನ್ನು ಕೇಳುತ್ತವೆ. ಮನೆಯನ್ನು ಆಧಾರವಾಗಿ ನೀಡುವವರು ಖಾತಾ ಉತಾರ, ತೆರಿಗೆ ರಸೀದಿ ಹಾಗೂ ಋಣಭಾರ ಪ್ರಮಾಣಪತ್ರವನ್ನು ಮುಂಚಿತವಾಗಿಯೇ ಸಿದ್ಧಪಡಿಸಿಕೊಳ್ಳತಕ್ಕದ್ದು. ತಂದೆ ತೀರಿಕೊಂಡಿದ್ದರೂ ಆಸ್ತಿಯು ಇನ್ನೂ ಅವರ ಹೆಸರಿನಲ್ಲಿಯೇ ಇದ್ದಲ್ಲಿ, ವಾರಸಾ ಬದಲಾವಣೆಗೆ ತಗಲುವ ಕಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವಿದ್ಯಾರ್ಥಿವೇತನ ಮತ್ತು ನೆರವು: ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ಪ್ರಬುದ್ಧ ಯೋಜನೆಯಿದೆ. ಅಲ್ಪಸಂಖ್ಯಾತ ಸಮುದಾಯಗಳ ವಿದ್ಯಾರ್ಥಿಗಳು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯನ್ನೂ, ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳು ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮವನ್ನೂ ವಿಚಾರಿಸಬಹುದು. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಸ್ನಾತಕೋತ್ತರ ಪದವಿ ಮತ್ತು ಪಿಎಚ್.ಡಿ. ವ್ಯಾಸಂಗಕ್ಕೆ ದೊರೆಯುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಪಡೆಯಬೇಕು. ಅಲ್ಪಸಂಖ್ಯಾತರಿಗಾಗಿ ಇದ್ದ ಕೇಂದ್ರದ ಪಢೋ ಪರದೇಶ್ ಬಡ್ಡಿ ಸಹಾಯಧನ ಯೋಜನೆಯು 2022-23ರಿಂದ ನಿಂತಿದೆ. ಆ ಯೋಜನೆಯ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ನಂಬಬಾರದು.

ಹಣ ರವಾನೆ: ಭಾರತದ ನಿವಾಸಿಯೊಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು. 2025ರ ಏಪ್ರಿಲ್ 1ರಿಂದ, ಮಾನ್ಯ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಕಳುಹಿಸುವ ಹಣಕ್ಕೆ ಮೂಲದಲ್ಲಿ ತೆರಿಗೆ ಸಂಗ್ರಹವಿರುವುದಿಲ್ಲ. ಸ್ವಂತ ಹಣದಿಂದ ಕಳುಹಿಸಿದಲ್ಲಿ ವರ್ಷಕ್ಕೆ ರೂ. 10 ಲಕ್ಷ ಮೀರಿದ ಮೊತ್ತಕ್ಕೆ ಅದು ಅನ್ವಯಿಸುತ್ತದೆ. ಹೀಗೆ ಸಂಗ್ರಹಿಸಿದ ತೆರಿಗೆಯನ್ನು ಆದಾಯ ತೆರಿಗೆ ವಿವರಣೆ ಸಲ್ಲಿಸುವಾಗ ಹೊಂದಾಣಿಕೆ ಮಾಡಿಕೊಳ್ಳಬಹುದು.

6. ದೇಶವಾರು ಮುಖ್ಯಾಂಶಗಳು

ಅಮೆರಿಕ: ಐ-20 ಪಡೆದ ಬಳಿಕ 350 ಡಾಲರ್ ಸೆವಿಸ್ ಶುಲ್ಕ ಪಾವತಿಸಿ, ಡಿಎಸ್-160 ನಮೂನೆ ತುಂಬಿ, ಸಂದರ್ಶನಕ್ಕೆ ದಿನ ಕಾಯ್ದಿರಿಸಬೇಕು. 2023ರ ಜೂನ್‌ನಿಂದ ವೀಸಾ ಅರ್ಜಿ ಶುಲ್ಕ 185 ಡಾಲರ್ ಇದೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಗೊಂಡರೂ ಆಗ ಅಲ್ಲಿ ವೀಸಾ ಸೇವೆ ಆರಂಭವಾಗಲಿಲ್ಲ. ನಮ್ಮ ಭಾಗದವರು ಮುಂಬಯಿ, ಚೆನ್ನೈ ಅಥವಾ ಹೈದರಾಬಾದಿನಲ್ಲಿ ಸಂದರ್ಶನಕ್ಕೆ ಹಾಜರಾಗುತ್ತಾ ಬಂದಿದ್ದಾರೆ. ವ್ಯಾಸಂಗ ಮುಗಿದ ಬಳಿಕ ತವರಿಗೆ ಮರಳುವ ಉದ್ದೇಶವನ್ನು ಅರ್ಜಿದಾರರೇ ಮನವರಿಕೆ ಮಾಡಿಕೊಡಬೇಕೆಂಬುದು ಅಲ್ಲಿನ ಕಾನೂನು. ವಿದ್ಯಾರ್ಥಿ ವೀಸಾ ಬಯಸುವವರು ಸಾಮಾಜಿಕ ಜಾಲತಾಣದ ಖಾತೆಗಳನ್ನು ಪರಿಶೀಲನೆಗೆ ಮುಕ್ತವಾಗಿಡಬೇಕೆಂದು 2025ರ ಜೂನ್‌ನಲ್ಲಿ ಸೂಚಿಸಲಾಗಿದೆ.

ಬ್ರಿಟನ್: ನಿಗದಿತ ಮೊತ್ತವು ಖಾತೆಯಲ್ಲಿ ಸತತ 28 ದಿನ ಇರತಕ್ಕದ್ದು. ಒಂದು ದಿನ ಕಡಿಮೆಯಾದರೂ ಅರ್ಜಿ ತಿರಸ್ಕೃತವಾಗಬಹುದು. ಆರು ತಿಂಗಳಿಗಿಂತ ಹೆಚ್ಚಿನ ವ್ಯಾಸಂಗಕ್ಕೆ ಮಾನ್ಯ ಕೇಂದ್ರದಲ್ಲಿ ಕ್ಷಯರೋಗ ತಪಾಸಣೆ ಕಡ್ಡಾಯ. ಆರೋಗ್ಯ ಸೇವೆಗಾಗಿ ವರ್ಷಕ್ಕೆ 776 ಪೌಂಡ್ ಮುಂಗಡವಾಗಿ ಪಾವತಿಸಬೇಕು. 2024ರ ಜನವರಿಯಿಂದ, ಸಂಶೋಧನಾ ಪದವಿಯಂತಹ ಕೆಲವು ವ್ಯಾಸಂಗಗಳನ್ನು ಹೊರತುಪಡಿಸಿ, ಪತಿ, ಪತ್ನಿ ಅಥವಾ ಮಕ್ಕಳನ್ನು ಅವಲಂಬಿತರಾಗಿ ಕರೆದೊಯ್ಯಲು ಅವಕಾಶವಿಲ್ಲ.

ಕೆನಡಾ: ಶೀಘ್ರ ಪರಿಶೀಲನೆಗಾಗಿ ಇದ್ದ ಎಸ್‌ಡಿಎಸ್ ವ್ಯವಸ್ಥೆಯು 2024ರ ನವೆಂಬರ್ 8ರಂದು ರದ್ದಾಗಿದೆ. 2025ರ ಸೆಪ್ಟೆಂಬರ್ 1ರಿಂದ, ಕ್ವಿಬೆಕ್ ಹೊರತಾದ ಪ್ರಾಂತ್ಯಗಳಿಗೆ ತೆರಳುವ ಒಬ್ಬ ವಿದ್ಯಾರ್ಥಿಯು ಬೋಧನಾ ಶುಲ್ಕ ಮತ್ತು ಪ್ರಯಾಣ ವೆಚ್ಚದ ಹೊರತಾಗಿ 22,895 ಕೆನಡಿಯನ್ ಡಾಲರ್ ತೋರಿಸಬೇಕು. ಬಹಳಷ್ಟು ಕೋರ್ಸುಗಳಿಗೆ ಪ್ರಾಂತ್ಯದ ದೃಢೀಕರಣ ಪತ್ರವೂ ಬೇಕು.

ಜರ್ಮನಿ: ಒಂದು ವರ್ಷದ ಜೀವನ ವೆಚ್ಚವನ್ನು ನಿರ್ಬಂಧಿತ ಖಾತೆಯಲ್ಲಿ ಇರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಲಾಯಿತು. ಅಲ್ಲಿಗೆ ತಲುಪಿದ ಮೇಲೆ ತಿಂಗಳಿಗೆ 992 ಯೂರೋದಂತೆ ಹಿಂಪಡೆಯಬಹುದು.

ಆಸ್ಟ್ರೇಲಿಯಾ: 2024ರ ಮಾರ್ಚ್‌ನಿಂದ, ತಾನು ನಿಜವಾದ ವಿದ್ಯಾರ್ಥಿಯೆಂಬುದನ್ನು ಅರ್ಜಿದಾರರು ನಿಗದಿತ ಪ್ರಶ್ನೆಗಳಿಗೆ ಉತ್ತರಿಸುವ ಮೂಲಕ ನಿರೂಪಿಸಬೇಕು. 2024ರ ಮೇ ತಿಂಗಳಿನಿಂದ ಒಂದು ವರ್ಷದ ಜೀವನ ವೆಚ್ಚಕ್ಕಾಗಿ 29,710 ಆಸ್ಟ್ರೇಲಿಯನ್ ಡಾಲರ್ ತೋರಿಸುವುದು ಅಗತ್ಯವಾಗಿದೆ. ವ್ಯಾಸಂಗದ ಪೂರ್ಣ ಅವಧಿಗೆ ಆರೋಗ್ಯ ವಿಮೆಯನ್ನೂ ಮಾಡಿಸಬೇಕು.

7. ಸುಳ್ಳು ದಾಖಲೆಯ ಪರಿಣಾಮ

ವೀಸಾ ನಿರಾಕರಣೆಯಾದರೆ ಕೊರತೆಯನ್ನು ಸರಿಪಡಿಸಿ ಮತ್ತೆ ಅರ್ಜಿ ಸಲ್ಲಿಸಬಹುದು. ಆದರೆ ಸುಳ್ಳು ದಾಖಲೆಯಿಂದಾಗಿ ನಿರಾಕರಣೆಯಾದರೆ ಬಾಗಿಲು ಬಹುಕಾಲ ಮುಚ್ಚಿಬಿಡುತ್ತದೆ.

• ಕೆನಡಾ: ಐದು ವರ್ಷಗಳ ನಿರ್ಬಂಧ.
• ಆಸ್ಟ್ರೇಲಿಯಾ: ಸಾಮಾನ್ಯವಾಗಿ ಮೂರು ವರ್ಷ, ಗುರುತಿನ ಬಗ್ಗೆ ಸುಳ್ಳು ಹೇಳಿದ್ದಲ್ಲಿ ಹತ್ತು ವರ್ಷ.
• ಬ್ರಿಟನ್: ಹತ್ತು ವರ್ಷಗಳವರೆಗೆ.
• ಅಮೆರಿಕ: ವಿಶೇಷ ವಿನಾಯಿತಿ ದೊರೆಯದ ಹೊರತು ಶಾಶ್ವತ ಅನರ್ಹತೆ.

ಬಂಧುಗಳಿಂದ ಅಥವಾ ಪರಿಚಿತರಿಂದ ಕೆಲವು ದಿನಗಳ ಮಟ್ಟಿಗೆ ಕೈಗಡ ತಂದು ಖಾತೆಯಲ್ಲಿ ತೋರಿಸಿ, ವೀಸಾ ಬಂದ ಕೂಡಲೇ ಹಿಂದಿರುಗಿಸುವ ಪದ್ಧತಿಯನ್ನು ಅನೇಕರು ಅಪಾಯವಿಲ್ಲದ ಉಪಾಯವೆಂದು ಭಾವಿಸಿದ್ದಾರೆ. ಇದು ಸರಿಯಲ್ಲ. ಏಕಾಏಕಿ ಜಮೆಯಾದ ದೊಡ್ಡ ಮೊತ್ತದ ಮೂಲವನ್ನು ಅಧಿಕಾರಿಗಳು ಕೇಳುತ್ತಾರೆ. ಅವರು ಕೇಳದಿದ್ದರೂ ಹಾನಿ ತಪ್ಪುವುದಿಲ್ಲ. ಹಣವಿಲ್ಲದೆ ಹೋದ ವಿದ್ಯಾರ್ಥಿಯು ಎರಡನೆಯ ಕಂತಿನ ಶುಲ್ಕಕ್ಕಾಗಿ ಅನುಮತಿಯ ಮಿತಿ ಮೀರಿ ದುಡಿಯುವ ಸ್ಥಿತಿಗೆ ಬರುತ್ತಾನೆ. ಅದರಿಂದ ವೀಸಾ ರದ್ದಾದರೆ ಪದವಿಯೂ ಇಲ್ಲ, ಸಾಲವೂ ತೀರುವುದಿಲ್ಲ ಎಂಬಂತಾಗುತ್ತದೆ. ವೀಸಾ ನಿಯಮವು ಕೇಳುವ ಮೊತ್ತವು ಅಧಿಕಾರಿಗೆ ತೋರಿಸುವುದಕ್ಕಾಗಿ ಮಾತ್ರ ಇರುವುದಲ್ಲ. ವಿದ್ಯಾರ್ಥಿಯು ಆ ಊರಿನಲ್ಲಿ ಒಂದು ವರ್ಷ ಬದುಕಲು ಅಷ್ಟು ಹಣ ಬೇಕೇ ಬೇಕು.

8. ಮಧ್ಯವರ್ತಿಗಳ ಬಗ್ಗೆ ಎಚ್ಚರಿಕೆ

ವಿದೇಶದಲ್ಲಿ ಉದ್ಯೋಗ ಕೊಡಿಸುವ ಏಜೆಂಟರು ವಲಸೆ ಕಾಯ್ದೆ, 1983ರ ಅಡಿಯಲ್ಲಿ ನೋಂದಾಯಿತರಾಗಿರಬೇಕು. ಶಿಕ್ಷಣ ಸಲಹಾ ಕೇಂದ್ರಗಳಿಗೆ ಈ ನೋಂದಣಿ ಅನ್ವಯಿಸುವುದಿಲ್ಲ. ಆದ್ದರಿಂದ ಫಲಕದ ಮೇಲೆ "ಸರ್ಕಾರಿ ಮಾನ್ಯತೆ" ಎಂದು ಬರೆದಿರುವುದನ್ನು ನೋಡಿ ನಂಬಬಾರದು.

2019ರ ಜನವರಿಯಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಹೆಸರಿನಲ್ಲಿ ದಾಖಲಾಗಿದ್ದ 129 ಭಾರತೀಯ ವಿದ್ಯಾರ್ಥಿಗಳು ಬಂಧನಕ್ಕೊಳಗಾದರು. ತರಗತಿಗಳೇ ಇಲ್ಲದ ಆ ಸಂಸ್ಥೆಯನ್ನು ವಲಸೆ ಅಧಿಕಾರಿಗಳೇ ತನಿಖೆಗಾಗಿ ಸೃಷ್ಟಿಸಿದ್ದರು. 2023ರಲ್ಲಿ ಕೆನಡಾದಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಗಡೀಪಾರಿನ ಕ್ರಮ ಆರಂಭವಾಯಿತು. ವರ್ಷಗಳ ಹಿಂದೆ ಏಜೆಂಟರು ನೀಡಿದ್ದ ಪ್ರವೇಶ ಪತ್ರಗಳು ನಕಲಿ ಎಂಬುದು ಅದಕ್ಕೆ ಕಾರಣ. ತಾವು ಮೋಸಹೋದವರೆಂದು ಹೇಳಿದ ವಿದ್ಯಾರ್ಥಿಗಳು ಅದನ್ನು ತಾವೇ ಸಾಬೀತುಪಡಿಸಬೇಕಾಯಿತು. ಅರ್ಜಿಯನ್ನು ಯಾರೇ ತುಂಬಿರಲಿ, ಕಾನೂನಿನ ದೃಷ್ಟಿಯಲ್ಲಿ ಅದು ಅರ್ಜಿದಾರರದೇ ಹೇಳಿಕೆಯಾಗಿರುತ್ತದೆ.

ಅರ್ಜಿದಾರರು ಈ ಕ್ರಮಗಳನ್ನು ಅನುಸರಿಸತಕ್ಕದ್ದು:

• ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೆ ನೇರವಾಗಿ ಪಾವತಿಸಬೇಕು.
• ಪ್ರವೇಶ ಪತ್ರದ ನೈಜತೆಯನ್ನು ವಿಶ್ವವಿದ್ಯಾಲಯದ ಅಧಿಕೃತ ಇ-ಮೇಲ್ ಮೂಲಕ ಸ್ವತಃ ಖಚಿತಪಡಿಸಿಕೊಳ್ಳಬೇಕು.
• ಅರ್ಜಿಯಲ್ಲಿ ಸ್ವಂತ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನೇ ನೀಡಬೇಕು.
• ಸಲ್ಲಿಸುವ ಮುನ್ನ ಅರ್ಜಿಯನ್ನು ಪೂರ್ಣವಾಗಿ ಓದಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು.
• ಮೂಲ ಅಂಕಪಟ್ಟಿ ಮತ್ತು ಪಾಸ್‌ಪೋರ್ಟನ್ನು ಏಜೆಂಟರ ಬಳಿ ಒತ್ತೆಯಾಗಿ ಬಿಡಬಾರದು.

9. ವೈದ್ಯಕೀಯ ವ್ಯಾಸಂಗಕ್ಕೆ ತೆರಳುವವರಿಗೆ

ವಿದೇಶದಲ್ಲಿ ಎಂಬಿಬಿಎಸ್‌ಗೆ ಸಮಾನವಾದ ಪದವಿ ಪಡೆದು ಭಾರತದಲ್ಲಿ ವೈದ್ಯವೃತ್ತಿ ಮಾಡಬಯಸುವವರಿಗೆ 2021ರ ನವೆಂಬರ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಾವಳಿ ಅನ್ವಯಿಸುತ್ತದೆ. ಅದರಂತೆ ನೀಟ್ ಅರ್ಹತೆ ಪಡೆದಿರಬೇಕು. ಕೋರ್ಸಿನ ಅವಧಿ ಕನಿಷ್ಠ 54 ತಿಂಗಳಿದ್ದು, ಬೋಧನೆ ಇಂಗ್ಲಿಷ್ ಮಾಧ್ಯಮದಲ್ಲಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಬೇಕು. ಆ ಪದವಿಯು ಅದೇ ದೇಶದಲ್ಲಿ ವೃತ್ತಿ ಮಾಡಲು ಅರ್ಹತೆ ನೀಡುವಂತಿರಬೇಕು. ಭಾರತಕ್ಕೆ ಮರಳಿದ ಮೇಲೆ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಇಲ್ಲಿಯೂ 12 ತಿಂಗಳ ಇಂಟರ್ನ್‌ಶಿಪ್ ಮಾಡಬೇಕು. ಇವುಗಳಲ್ಲಿ ಒಂದು ಷರತ್ತು ಪೂರೈಸದಿದ್ದರೂ, ಆ ದೇಶದ ವೀಸಾ ಎಷ್ಟೇ ಸುಲಭವಾಗಿ ಸಿಕ್ಕಿದ್ದರೂ, ಪದವಿಯು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

10. ವಿದೇಶಕ್ಕೆ ತಲುಪಿದ ನಂತರ

ವೀಸಾ ದೊರೆತ ಉದ್ದೇಶ ವ್ಯಾಸಂಗ. ತರಗತಿಗಳಿಗೆ ಹಾಜರಾಗದಿರುವುದು, ಅನುಮತಿಯಿಲ್ಲದೆ ಕೋರ್ಸಿನ ಹೊರೆ ಕಡಿಮೆ ಮಾಡಿಕೊಳ್ಳುವುದು ಮತ್ತು ಮಿತಿ ಮೀರಿ ದುಡಿಯುವುದು ಷರತ್ತುಗಳ ಉಲ್ಲಂಘನೆಯಾಗಿರುತ್ತದೆ. ಕೆಲಸದ ಮಿತಿಗಳು ಹೀಗಿವೆ: ಅಮೆರಿಕದಲ್ಲಿ ತರಗತಿಗಳು ನಡೆಯುವಾಗ ಆವರಣದೊಳಗೆ ವಾರಕ್ಕೆ 20 ಗಂಟೆ, ಬ್ರಿಟನ್ನಿನಲ್ಲಿ ಪದವಿ ವ್ಯಾಸಂಗದ ಅವಧಿಯಲ್ಲಿ ವಾರಕ್ಕೆ 20 ಗಂಟೆ, ಕೆನಡಾದಲ್ಲಿ ಆವರಣದ ಹೊರಗೆ ವಾರಕ್ಕೆ 24 ಗಂಟೆ, ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48 ಗಂಟೆ, ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ. ನಗದು ರೂಪದಲ್ಲಿ ಕೂಲಿ ಪಡೆದರೂ ಅದು ಕೆಲಸವೇ ಆಗಿರುತ್ತದೆ.

ಅಮೆರಿಕದಲ್ಲಿ ವಿಳಾಸ ಬದಲಾದಲ್ಲಿ ಹತ್ತು ದಿನಗಳೊಳಗೆ ವಿಶ್ವವಿದ್ಯಾಲಯದ ನಿಯೋಜಿತ ಅಧಿಕಾರಿಗೆ ತಿಳಿಸಬೇಕು. ವ್ಯಾಸಂಗದಲ್ಲಿ ಹಿನ್ನಡೆಯಾದಾಗ, ಅನಾರೋಗ್ಯವಾದಾಗ ಅಥವಾ ಶುಲ್ಕ ಕಟ್ಟಲಾಗದಿದ್ದಾಗ ಸುಮ್ಮನೆ ಕಾಲೇಜು ಬಿಡದೆ, ಮೊದಲು ಇದೇ ಅಧಿಕಾರಿಯ ಸಲಹೆ ಪಡೆಯುವುದು ಅತ್ಯಗತ್ಯ. ಮುಂಚಿತವಾಗಿ ಹೇಳಿದ ಕಷ್ಟಕ್ಕೆ ನಿಯಮದೊಳಗೆ ದಾರಿ ಇರುವುದುಂಟು. ಮುಚ್ಚಿಟ್ಟ ಕಷ್ಟವು ಉಲ್ಲಂಘನೆಯೆಂದೇ ದಾಖಲಾಗುತ್ತದೆ.

11. ಆಪತ್ತಿನ ಸಂದರ್ಭದಲ್ಲಿ

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಡೆದ ದಾಳಿಯಲ್ಲಿ ಹಾವೇರಿ ಜಿಲ್ಲೆಯ ಚಳಗೇರಿ ಗ್ರಾಮದ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಮೃತಪಟ್ಟರು. ಆಗ ಆಪರೇಷನ್ ಗಂಗಾ ಕಾರ್ಯಾಚರಣೆಯ ಮೂಲಕ ಸಾವಿರಾರು ಭಾರತೀಯ ವಿದ್ಯಾರ್ಥಿಗಳನ್ನು ಕರೆತರಲಾಯಿತು. ಇಂತಹ ವೇಳೆಯಲ್ಲಿ ಯಾರು ಎಲ್ಲಿದ್ದಾರೆ ಎಂಬ ಮಾಹಿತಿ ರಾಯಭಾರ ಕಚೇರಿಯಲ್ಲಿ ಇರುವುದು ಬಹಳ ಮುಖ್ಯ. ವಿದ್ಯಾರ್ಥಿಗಳು ತಲುಪಿದ ಕೂಡಲೇ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ಹೆಸರು, ಕಾಲೇಜು ಮತ್ತು ವಿಳಾಸವನ್ನು ನೋಂದಾಯಿಸಬೇಕು. ಇದಕ್ಕೆ ಶುಲ್ಕವಿಲ್ಲ. ಪಾಸ್‌ಪೋರ್ಟ್ ಕಳೆದುಹೋದಲ್ಲಿ ಸ್ಥಳೀಯ ಪೊಲೀಸರಿಗೆ ದೂರು ನೀಡಿ, ಅದರ ಪ್ರತಿಯೊಂದಿಗೆ ಹತ್ತಿರದ ಭಾರತೀಯ ರಾಯಭಾರ ಕಚೇರಿ ಅಥವಾ ದೂತಾವಾಸವನ್ನು ಸಂಪರ್ಕಿಸಬೇಕು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಿಂದೆ ಒಂದು ಬಾರಿ ವೀಸಾ ನಿರಾಕರಣೆಯಾಗಿದೆ. ಹೊಸ ಅರ್ಜಿಯಲ್ಲಿ ಅದನ್ನು ತಿಳಿಸಬೇಕೇ?
ಉತ್ತರ: ಅರ್ಜಿಯಲ್ಲಿ ಕೇಳಿದ್ದರೆ ತಿಳಿಸಲೇಬೇಕು. ನಿರಾಕರಣೆಯೊಂದೇ ಅನರ್ಹತೆಯಲ್ಲ. ಅದನ್ನು ಮರೆಮಾಚುವುದು ಅನರ್ಹತೆಗೆ ಕಾರಣವಾಗಬಹುದು.

ಪ್ರಶ್ನೆ: ಪದವಿಯ ನಂತರ ಎರಡು ವರ್ಷ ಓದು ನಿಂತಿದೆ. ತೊಂದರೆಯಾಗುವುದೇ?
ಉತ್ತರ: ಆ ಅವಧಿಯಲ್ಲಿ ಮಾಡಿದ್ದನ್ನು ಇದ್ದಂತೆ ವಿವರಿಸಿದರೆ ಸಾಕು. ಮನೆಯ ಒಕ್ಕಲುತನ ನೋಡಿಕೊಂಡಿದ್ದರೂ ಅದು ಹೇಳಬಹುದಾದ ಸಂಗತಿಯೇ. ನಕಲಿ ಅನುಭವ ಪತ್ರ ಲಗತ್ತಿಸಬಾರದು.

ಪ್ರಶ್ನೆ: ಚಿಕ್ಕಪ್ಪ ಅಥವಾ ಸೋದರಮಾವ ವೆಚ್ಚ ಭರಿಸಬಹುದೇ?
ಉತ್ತರ: ಇದು ದೇಶದಿಂದ ದೇಶಕ್ಕೆ ಬೇರೆಯಾಗಿದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿಯ ಅಥವಾ ತಂದೆ-ತಾಯಿಯ ಖಾತೆಯಲ್ಲಿರುವ ಹಣವನ್ನು ಪರಿಗಣಿಸಲಾಗುತ್ತದೆ. ಅಮೆರಿಕದಲ್ಲಿ ಬಂಧುಗಳು ಪ್ರಾಯೋಜಕರಾಗಬಹುದು. ಆದರೆ ಅವರ ಆದಾಯ ಮತ್ತು ಸಂಬಂಧವನ್ನು ದಾಖಲೆಗಳಿಂದ ತೋರಿಸಬೇಕು.

13. ಅರ್ಜಿ ಸಲ್ಲಿಸುವ ಮುನ್ನ ಪರಿಶೀಲನಾ ಪಟ್ಟಿ

(1) ಪಾಸ್‌ಪೋರ್ಟ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ ಮತ್ತು ಪ್ರವೇಶ ಪತ್ರದಲ್ಲಿ ಹೆಸರು ಹಾಗೂ ಜನ್ಮ ದಿನಾಂಕ ಒಂದೇ ಆಗಿವೆಯೇ?
(2) ಪ್ರವೇಶ ಪತ್ರವನ್ನು ವಿಶ್ವವಿದ್ಯಾಲಯದಿಂದಲೇ ಖಚಿತಪಡಿಸಿಕೊಳ್ಳಲಾಗಿದೆಯೇ?
(3) ಖಾತೆಯಲ್ಲಿರುವ ಪ್ರತಿಯೊಂದು ದೊಡ್ಡ ಮೊತ್ತದ ಮೂಲಕ್ಕೆ ದಾಖಲೆ ಇದೆಯೇ?
(4) ಮೊದಲ ವರ್ಷದ ನಂತರದ ಶುಲ್ಕ ಎಲ್ಲಿಂದ ಬರಲಿದೆ ಎಂಬುದನ್ನು ಕುಟುಂಬದವರೆಲ್ಲ ಕುಳಿತು ಲೆಕ್ಕ ಹಾಕಲಾಗಿದೆಯೇ?
(5) ಸಾಲಕ್ಕೆ ಆಧಾರವಾಗಿ ನೀಡಿದ ಆಸ್ತಿಯ ವಿಷಯವು ಅದರಲ್ಲಿ ಹಕ್ಕುಳ್ಳ ಎಲ್ಲರಿಗೂ ತಿಳಿದಿದೆಯೇ?
(6) ಏಜೆಂಟರು ತುಂಬಿದ ಅರ್ಜಿಯನ್ನು ಅರ್ಜಿದಾರರು ಸ್ವತಃ ಓದಿದ್ದಾರೆಯೇ?
(7) ಎಲ್ಲ ದಾಖಲೆಗಳ ಪ್ರತಿಗಳನ್ನು ಮನೆಯಲ್ಲಿ ಒಬ್ಬರ ಬಳಿ ಇರಿಸಲಾಗಿದೆಯೇ?

ಗಮನಿಸಿ: ಶುಲ್ಕ, ಮೊತ್ತ ಮತ್ತು ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ. ಹಿಂದಿನ ವರ್ಷ ಹೋದ ಸ್ನೇಹಿತರ ಅನುಭವವು ಈ ವರ್ಷದ ಅರ್ಜಿಗೆ ಅನ್ವಯಿಸದಿರಬಹುದು. ಆದ್ದರಿಂದ ಅರ್ಜಿ ಸಲ್ಲಿಸುವ ದಿನದಂದು ಆಯಾ ದೇಶದ ರಾಯಭಾರ ಕಚೇರಿ ಅಥವಾ ವಲಸೆ ಇಲಾಖೆಯ ಅಧಿಕೃತ ಜಾಲತಾಣದಲ್ಲಿ ಪ್ರಕಟವಾಗಿರುವ ಮಾಹಿತಿಯನ್ನೇ ಅಂತಿಮವೆಂದು ಪರಿಗಣಿಸತಕ್ಕದ್ದು.